ಒಂದೇ ಆಡಿನ ನಾಲ್ಕು ಕಾಲು

“ಭೈಯಾ, ಚಾರೋಂ ಪಾಯಾ ಏಕ್ ಹೀ ಬಕರೇ ಕಾ ದೋ!” ಎಂದಳು ಮಲ್ಲಿಕಾ.

ಮಟನ್ ಅಂಗಡಿಯವನ ಕತ್ತಿ ಅರ್ಧಕ್ಕೇ ನಿಂತಿತು. ನಾಲ್ಕು ಕಾಲೂ ಒಂದೇ ಆಡಿನದಾಗಿರಬೇಕು ಎಂದು ಈವರೆಗೆ ಯಾರೂ ಅವನನ್ನು ಕೇಳಿರಲಿಲ್ಲ.

“ಕ್ಯೋಂ?”

“ಬೇರೆ ಬೇರೆ ಆಡಿನದಾದರೆ ಒಂದು ಕಾಲು ಉದ್ದ, ಒಂದು ಗಿಡ್ಡ ಇರುತ್ತದಲ್ಲ? ಅದರ ಸೂಪ್ ಕುಡಿದು ನಮ್ಮಪ್ಪ ಇನ್ನೂ ಕುಂಟಿದರೆ?” ಎಂದು ಮಲ್ಲಿಕಾ ಹಿಂದಿಯಲ್ಲೇ ವಿವರಿಸಿದಳು.

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಪಕ್ಕದಲ್ಲಿದ್ದ ಅವ್ವನೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಂಗಡಿಯವನು ಮಾತ್ರ ನಗದೆ, ಬುಟ್ಟಿಯೊಳಗೆ ಕೈಯಾಡಿಸಿ ನಾಲ್ಕು ಕಾಲು ಆರಿಸಿ ತೆಗೆದ. “ದೇಖ್ ಲೇ ಬೇಟಾ. ಸಗೇ ಭಾಯಿ ಹೈಂ.” ನಾಲ್ಕೂ ಒಡಹುಟ್ಟಿದ ಅಣ್ಣತಮ್ಮಂದಿರಂತೆ!

ಮಲ್ಲಿಕಾ ಒಂದೊಂದನ್ನೂ ನೋಡಿ, ಸರಿ ಎಂದು ತಲೆಯಾಡಿಸಿದಳು.

ಅಪ್ಪ ಚಂದ್ರಾಮ ಮುಂಬೈ ಹತ್ತಿರದ ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಹಮಾಲ. ಆರು ಜನರ ಟೋಳಿ ಅವರದು. ಕಾರ್ಖಾನೆಗೆ ಬರುವ ಲಾರಿಗಳಿಂದ ಚೀಲ ಇಳಿಸುವುದು ಅವರ ಕೆಲಸ. ಒಬ್ಬ ಲಾರಿಯ ಮೇಲೆ ನಿಂತು ಚೀಲವನ್ನು ಅಂಚಿಗೆ ಸರಿಸಿ ಕೊಡುತ್ತಾನೆ. ಉಳಿದವರು ಬೆನ್ನ ಮೇಲೆ ಹೊತ್ತು ಗೋದಾಮಿಗೆ ನಡೆಯುತ್ತಾರೆ. ಮೇಲೆ ನಿಲ್ಲುವವನಿಗೆ ನಡೆಯುವ ಕಷ್ಟವಿಲ್ಲ. ಅದಕ್ಕೇ ಆ ಜಾಗ ಎಲ್ಲರಿಗೂ ಪಾಳಿಯ ಪ್ರಕಾರ ಸಿಗುತ್ತದೆ.

ವಾರದಿಂದ ಅಪ್ಪ ಎಡಗಾಲನ್ನು ಎಳೆದು ಎಳೆದು ನಡೆಯುತ್ತಿದ್ದ. ಯಾಕೆಂದು ಕೇಳಿದರೆ, “ಏನಿಲ್ಲವಾ, ಬೂಟ್ ಕಚ್ಚೇದ” ಎನ್ನುತ್ತಿದ್ದ. ಗೆಳೆಯ ವಿಠಲ ಕಾಕಾನ ಜೊತೆ ದವಾಖಾನೆಗೂ ಹೋಗಿ ಬಂದಿದ್ದ. ಡಾಕ್ಟರ್ ಏನಂದರು ಎಂದು ಅವ್ವ ಕೇಳಿದಾಗ, “ಗುಳಗಿ ಕೊಟ್ಟಾರ. ನೀರು ಜಾಸ್ತಿ ಕುಡಿ ಅಂದಾರ. ಅಷ್ಟ” ಎಂದಿದ್ದ.

ಗುಳಿಗೆಯಿಂದ ಏನಾಗುತ್ತದೆ? ಹೋದ ವರ್ಷ ಅವ್ವ ನಲ್ಲಿಯ ಹತ್ತಿರ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಗ, ಅಪ್ಪನೇ ಪಾಯಾ ತಂದು ಸೂಪ್ ಮಾಡಿ ಕುಡಿಸಿದ್ದ. ಅವ್ವ ಈಗ ಬಸ್ಸಿನ ಹಿಂದೆ ಓಡುತ್ತಾಳೆ. ಅಪ್ಪನಿಗೂ ಅದೇ ಮಾಡಬೇಕು ಎಂದು ಮಲ್ಲಿಕಾ ತೀರ್ಮಾನಿಸಿದ್ದಳು.

ಕುಕ್ಕರ್ ಕೂಗುವುದನ್ನು ಅವಳು ಒಲೆಯ ಮುಂದೆಯೇ ನಿಂತು ಕಾದಳು. ಕೊತ್ತಂಬರಿ ತಾನೇ ಹೆಚ್ಚಿದಳು. ಬಿಸಿ ಬಟ್ಟಲನ್ನು ಬಟ್ಟೆಯಲ್ಲಿ ಹಿಡಿದು ಅಪ್ಪನ ಮುಂದೆ ಇಟ್ಟಳು.

“ನಾಲ್ಕೂ ಒಂದೇ ಆಡಿನ ಕಾಲು ಅಪ್ಪಾ. ನಾನೇ ಚೆಕ್ ಮಾಡಿ ತಂದೀನಿ!”

ಅಪ್ಪ ಬಟ್ಟಲನ್ನು ನೋಡಿದ. ಮಗಳ ಮುಖ ನೋಡಿದ. ಮತ್ತೆ ಬಟ್ಟಲನ್ನು ನೋಡಿದ.

“ಕುಡಿ ಅಪ್ಪಾ, ಆರ್ತದ.”

ಅಪ್ಪ ಬಟ್ಟಲನ್ನು ಎತ್ತಿ ಕುಡಿದ. ಒಂದು ಹನಿಯೂ ಉಳಿಸಲಿಲ್ಲ. “ಮಸ್ತ್ ಆಗ್ಯಾದ,” ಎಂದ.

ಮಲ್ಲಿಕಾ ಇನ್ನೊಂದು ಬಟ್ಟಲು ತಂದಳು. ಅದನ್ನೂ ಕುಡಿದ.

*

ಮರುದಿನ ಬೆಳಿಗ್ಗೆ ಅಪ್ಪ ಹೊಸ್ತಿಲ ಮೇಲೆ ಕುಳಿತು ಬೂಟಿನ ಜೊತೆ ಜಗಳ ಆಡುತ್ತಿದ್ದ. ಕಾರ್ಖಾನೆಯ ಒಳಗೆ ಹೋಗಲು ಆ ಬೂಟು ಬೇಕೇ ಬೇಕು. ಅದರ ಮೂತಿಯೊಳಗೆ ಕಬ್ಬಿಣದ ತಗಡು ಇರುತ್ತದೆ. ಅಪ್ಪನ ಎಡಗಾಲಿನ ಹೆಬ್ಬೆರಳು ಊದಿಕೊಂಡು, ಟೊಮೆಟೊ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

“ಅಪ್ಪಾ! ನಿನ್ನೆ ಇಷ್ಟು ಇರಲಿಲ್ಲ!”

“ಏನಿಲ್ಲವಾ.”

ಅಪ್ಪನನ್ನು ಕರೆಯಲು ಬಂದ ವಿಠಲ ಕಾಕಾ ಕಾಲು ನೋಡಿ ಅಲ್ಲೇ ನಿಂತ. “ಲೇ ಚಂದ್ರಾಮ, ನೀ ಮತ್ತ ಮಟನ್ ತಿಂದಿ?”

“ಮಟನ್ ಅಲ್ಲ ಕಾಕಾ, ಪಾಯಾ,” ಎಂದಳು ಮಲ್ಲಿಕಾ. “ನಾನೇ ತಂದು ಕೊಟ್ಟೀನಿ. ಎರಡು ಬಟ್ಟಲ!”

ಕಾಕಾ ತಲೆಯ ಮೇಲೆ ಕೈ ಹೊತ್ತುಕೊಂಡ. “ಪಾಯಾ! ಡಾಕ್ಟರ್ ಏನಂದಿದ್ರು? ನಿನ್ನ ರಕ್ತದಾಗ ಯೂರಿಕ್ ಆ್ಯಸಿಡ್ ಜಾಸ್ತಿ ಆಗಿ ಬೆರಳಿನ ಕೀಲಿನಾಗ ಕೂತದ, ಇದಕ್ಕ ಗೌಟ್ ಅಂತಾರ ಅಂದ್ರಿಲ್ಲೋ? ಮಟನ್ ಬ್ಯಾಡ, ಪಾಯಾ ಅಂತೂ ಬ್ಯಾಡೇ ಬ್ಯಾಡ ಅಂತ ಎರಡು ಸಲ ಹೇಳಿದ್ರಲ್ಲೋ!”

ಡಬ್ಬಿ ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. “ಅಯ್ಯ, ನನಗೊಂದು ಮಾತು ಹೇಳಬಾರದಾಗಿತ್ತೇನ್ರೀ?”

“ಹೇಳಿದ್ರ ನೀ ಮನಿಯಾಗ ಮಟನ್ನೇ ಬಂದ್ ಮಾಡ್ತಿದ್ದಿ,” ಎಂದ ಅಪ್ಪ ಮೆಲ್ಲಗೆ. “ಹುಡುಗಿ ಸಂಡೇ ಸಂಡೇ ದಾರಿ ನೋಡ್ತದ.”

ಮಲ್ಲಿಕಾ ಅಪ್ಪನ ಪಕ್ಕ ಕುಕ್ಕರಿಸಿ ಕುಳಿತಳು. “ನನಗಾದ್ರೂ ಬ್ಯಾಡ ಅನ್ನಬೇಕಿಲ್ಲಪ್ಪಾ?”

“ನಾಲ್ಕೂ ಒಂದೇ ಆಡಿನ ಕಾಲು ಅಂದಿ. ಹೆಂಗ ಬ್ಯಾಡ ಅನ್ಲಿ?”

ಅಪ್ಪ ಲೇಸನ್ನು ಪೂರ್ತಿ ಬಿಚ್ಚಿ, ಹಲ್ಲು ಕಚ್ಚಿ, ಕಾಲನ್ನು ಬೂಟಿನೊಳಗೆ ತುರುಕಿದ. ಅವನ ಹಣೆಯಲ್ಲಿ ಬೆವರು ಮೂಡಿತು.

“ಇವತ್ತ ಬ್ಯಾಡ್ರೀ, ಮಲಕೋರಿ,” ಎಂದಳು ಅವ್ವ.

“ಹಂಗಂದ್ರ ಹೆಂಗ? ಕುಂಟೋ ಹಮಾಲನ್ನ ಯಾರು ಇಟ್ಕೋತಾರ? ನನ್ನ ಜಾಗಕ್ಕ ಬರಾಕ ನಾಕಾದಾಗ ಹತ್ತು ಮಂದಿ ನಿಂತಾರ. ವಿಠಲ, ಟೋಳಿಯವರ ಮುಂದ ಒಂದು ಮಾತೂ ಆಡಬ್ಯಾಡ. ನನ್ನ ಮ್ಯಾಲ ಆಣಿ.”

ಕಾಕಾ ಅಪ್ಪನ ಡಬ್ಬಿ ಎತ್ತಿಕೊಂಡ.

*

ಮಲ್ಲಿಕಾಳ ಶಾಲೆಯ ದಾರಿಯೂ ಕೂಲಿಗಳು ಸೇರುವ ಆ ಚೌಕ, ನಾಕಾದ ಮೇಲೆಯೇ. ಅವಳು ಅಪ್ಪನ ಹಿಂದೆ ಹಿಂದೆ ನಡೆದಳು. ಯಾವತ್ತೂ ಅವಳೇ ಓಡಿ ಓಡಿ ಅಪ್ಪನನ್ನು ಹಿಡಿಯಬೇಕಿತ್ತು. ಇವತ್ತು ಎರಡು ಸಲ ನಿಂತು ಕಾಯಬೇಕಾಯಿತು.

ನಾಕಾದಲ್ಲಿ ಟೋಳಿಯವರು ಚಹಾ ಕುಡಿಯುತ್ತಾ ಟೆಂಪೋಗೆ ಕಾಯುತ್ತಿದ್ದರು. ಟೋಳಿಯನ್ನು ನಡೆಸುವ ಮುಕಾದಮ ಅಂಬಾದಾಸ ದೂರದಿಂದಲೇ ಕೂಗಿದ. “ಏನೋ ಚಂದ್ರಾಮ! ಮದಿಮಗನಂಗ ಮೆಲ್ಲಕ ಹೆಜ್ಜಿ ಇಡಾಕತ್ತಿ. ಮೆರವಣಿಗಿ ಎಲ್ಲಿಗಿ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆದರೆ ನಗುವಾಗ ಅವನ ಕೈ ಗೋಡೆಯನ್ನು ಹಿಡಿದುಕೊಂಡಿತ್ತು. ಅದು ಮಲ್ಲಿಕಾಳಿಗೆ ಮಾತ್ರ ಕಾಣಿಸಿತು.

ಅಷ್ಟರಲ್ಲಿ ಟೆಂಪೋ ಬಂತು. ಹತ್ತಬೇಕೆಂದರೆ ಕಾಲನ್ನು ಎತ್ತರಕ್ಕೆ ಎತ್ತಬೇಕು. ಅಪ್ಪ ಎಡಗಾಲು ಎತ್ತಿದ, ಇಳಿಸಿದ. ಬಲಗಾಲು ಎತ್ತಿದ, ಇಳಿಸಿದ.

ವಿಠಲ ಕಾಕಾ ಆಣೆಗೆ ಕಟ್ಟುಬಿದ್ದು ನೆಲ ನೋಡುತ್ತಿದ್ದ. ಮಲ್ಲಿಕಾ ಯಾವ ಆಣೆಯನ್ನೂ ಹಾಕಿಸಿಕೊಂಡಿರಲಿಲ್ಲ.

“ಅಂಬಾದಾಸ ಕಾಕಾ, ಅಪ್ಪಗ ಗೌಟ್ ಆಗ್ಯಾದ!” ಎಂದು ಅವಳು ಕೂಗಿದಳು. “ಬೆರಳು ಇಷ್ಟು ದಪ್ಪ ಆಗ್ಯಾದ. ಬೂಟಿನಾಗ ಜಬರ್ದಸ್ತಿ ತುರುಕ್ಯಾನ. ಅವನ ಜಾಗ ಯಾರಿಗೂ ಕೊಡಬ್ಯಾಡ್ರಿ, ಪ್ಲೀಸ್!”

“ಮಲ್ಲೀ!” ಅಪ್ಪ ಗದರಿದ. ಹೀಗೆ ಎಲ್ಲರ ಮುಂದೆ ಅವನು ಎಂದೂ ಗದರಿದವನಲ್ಲ.

ಯಾರೂ ನಗಲಿಲ್ಲ. ಅಂಬಾದಾಸ ಚಹಾದ ಗ್ಲಾಸು ಕೆಳಗಿಟ್ಟು ಬಂದು, ಬಗ್ಗಿ ಬೂಟು ನೋಡಿದ. “ತಗಿ ಅದನ್ನ.”

“ಏನಿಲ್ಲಪಾ, ಹುಡುಗಿ ಸುಮ್ಮನ...”

“ತಗೀಲೇ!”

ಬೂಟು ತೆಗೆದಾಗ ಅಂಬಾದಾಸ ಬಾಯಿಯಲ್ಲಿ ಚ್ಚ್ ಎಂದ. “ಈ ಕಾಲಾಗ ಚೀಲ ಹೊತ್ತು ಬಿದ್ದರ ಹಿಂದ ಬರೋ ನಮ್ಮ ಗತಿ ಏನು? ದೀಪಾವಳಿ ಮುಂದ ನನ್ನ ಸೊಂಟ ಹಿಡಿದಾಗ ಲಾರಿ ಮ್ಯಾಲಿನ ನಿನ್ನ ಪಾಳಿ ನನಗ ಕೊಟ್ಟು, ನೀ ಕೆಳಗ ನಿಂತು ಹೊತ್ತಿ. ನಾ ಮರೆತೀನೇನು? ಈಗ ಮನಿಗಿ ಹೋಗು. ಬಾವು ಇಳದ ಮ್ಯಾಲ ಬಾ, ಬಂದು ಮ್ಯಾಲ ನಿಲ್ಲು. ನಿನ್ನ ಜಾಗಾ ಯಾರೂ ಮುಟ್ಟಂಗಿಲ್ಲ.”

ಅಪ್ಪ ಬೂಟನ್ನು ಕೈಯಲ್ಲಿ ಎತ್ತಿಕೊಂಡ. ಟೆಂಪೋ ಹೊರಡಲು ಸಿದ್ಧವಾಯಿತು. ವಿಠಲ ಕಾಕಾ ಒಂದು ರಿಕ್ಷಾ ನಿಲ್ಲಿಸಿ ಅಪ್ಪನನ್ನು ಕೂರಿಸಿ, ಓಡಿ ಹೋಗಿ ಟೆಂಪೋ ಹಿಡಿದ. ರಿಕ್ಷಾ ತಿರುಗುವವರೆಗೂ ಅಪ್ಪ ಮಲ್ಲಿಕಾಳ ಕಡೆ ನೋಡಲಿಲ್ಲ.

ಆ ದಿನ ಶಾಲೆಯಲ್ಲಿ ಟೀಚರ್ ಹೇಳಿದ್ದು ಒಂದೂ ಅವಳ ತಲೆಗೆ ಹೋಗಲಿಲ್ಲ.

*

ಸಂಜೆ ಅವಳು ಬಾಗಿಲನ್ನು ಸದ್ದಾಗದ ಹಾಗೆ ತೆರೆದಳು. ಅವ್ವ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದ್ದ. ತಲೆಯ ಹತ್ತಿರ ಗುಳಿಗೆಯ ಚೀಟಿ, ಅರ್ಧ ಖಾಲಿಯಾದ ನೀರಿನ ತಂಬಿಗೆ.

ಮಲ್ಲಿಕಾ ಚಾದರ ತಂದು ಮೆಲ್ಲಗೆ ಹೊದಿಸಿದಳು. ಹೊಟ್ಟೆ, ಮೊಣಕಾಲು, ಪಾದ.

ಅಪ್ಪ ಬೆಚ್ಚಿ ಕಾಲು ಎಳೆದುಕೊಂಡ. “ಪಾದದ ಮ್ಯಾಲ ಬ್ಯಾಡವಾ!”

“ಯಾಕಪ್ಪಾ?”

“ಏನಿಲ್...” ಎಂದವನು ಅಲ್ಲಿಗೇ ನಿಲ್ಲಿಸಿದ. “ಅರಿವಿ ತಾಗಿದ್ರೂ ನೋಯ್ತದ. ಭಾಳ ನೋಯ್ತದ ಮಲ್ಲೀ.”

ಅಪ್ಪನ ಬಾಯಿಂದ ಇಂಥ ಮಾತನ್ನು ಅವಳು ಕೇಳಿದ್ದು ಇದೇ ಮೊದಲು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ಎದೆಯೊಳಗೆ ಕುಳಿತಿದ್ದ ಕಲ್ಲೊಂದು ಸರಿದ ಹಾಗಾಯಿತು.

ಅವಳು ಚಾದರವನ್ನು ಮಡಚಿ ಮೇಲೆ ಸರಿಸಿದಳು. “ಇಷ್ಟು?”

“ಇನ್ನಾ ಸ್ವಲ್ಪ ಮ್ಯಾಲ.”

“ಈಗ?”

“ಹಾಂ. ಈಗ ಆರಾಮ ಅದ.”

ಮಲ್ಲಿಕಾ ಅಪ್ಪನ ಪಾದದಿಂದ ಒಂದು ಗೇಣು ದೂರ ಬಿಟ್ಟು ಕುಳಿತು, ಹೋಮ್‌ವರ್ಕ್ ಪುಸ್ತಕ ಬಿಚ್ಚಿಕೊಂಡಳು.