ಖಾನಾಪುರದ ಕಪ್ಪು ಶೀಸೆ

ಕಪಾಟು ತೆರೆದಿತ್ತು. ಶೀಸೆ ಇರಲಿಲ್ಲ!

"ನೀನ ಕದ್ದೀದಿ!" — ಖಾಸಬಾಗದ ಬಾಳೆಹಣ್ಣಿನ ವರ್ತಕ ತಮ್ಮಣ್ಣ ಮಗಳು ಸಪ್ನಾಳತ್ತ ಬೆರಳು ಚಾಚಿದ. ಕ್ಯಾನ್ಸರ್ ಅವನ ಮೈಯನ್ನು ಇಳಿಸಿತ್ತು, ದನಿಯನ್ನಲ್ಲ.

ಸಪ್ನಾಳ ಕಣ್ಣು ತುಂಬಿತು. ಮರುದಿನವೇ ಆಸ್ಪತ್ರೆಯಲ್ಲಿ ಅಪ್ಪನ ಕೀಮೋ ಆರಂಭವಾಗಬೇಕಿತ್ತು. ಆತನೋ, ಖಾನಾಪುರದ ನಾಟಿವೈದ್ಯ ಮಾಯಪ್ಪ ಆ ಶೀಸೆಯಲ್ಲಿ ಕೊಟ್ಟ ಕಪ್ಪು ಕಷಾಯವೊಂದೇ ಸಾಕೆಂದು ಹಟ ಹಿಡಿದಿದ್ದ. ಅನುಮಾನ ತನ್ನ ಮೇಲೆ ಬಾರದೆ ಇನ್ನಾರ ಮೇಲೆ ಬಂದೀತು? ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಜಾಡು ಹಿಡಿಯುತ್ತಲೇ ನಿವೃತ್ತನಾದ ಸೋದರಮಾವ ಉಳವಪ್ಪನನ್ನು ಅವಳು ಕರೆಸಿದಳು.

"ಔಷಧ ಹೆಂಗ ತಗೊಳ್ಳೂದು, ಭಾವಾ?" ಉಳವಪ್ಪ ಬಂದವನೇ ಕೇಳಿದ.

"ರಾತ್ರಿ ಊಟದ ಮ್ಯಾಲೆ, ಜೇನಿನ್ಯಾಗ ಕಲಸಿ. ಬ್ಯಾರೆ ರೀತಿ ತಗೊಂಡ್ರ ನಡಿಯೂದಿಲ್ಲಂತ."

"ಗುಣ ಆಗತೈತಿ ಅನ್ನಾಕ ಪುರಾವೆ?"

"ಬಾಜೂ ಮನಿ ಕಾಂತಾಬಾಯಿ ಗುಂಡಕಲ್ಲಿನಂಗ ಓಡಾಡ್ತಾಳಲ್ಲ! ಆಕಿಗೂ ಇದ ರೋಗ ಇತ್ತು, ಇದ ಔಷಧ ತಗೊಂಡ ಗುಣ ಆದ್ಲು."

"ನಿನ್ನೆ ಯಾರು ಬಂದಿದ್ರು?"

"ಶೀಸೆ ತಂದುಕೊಟ್ಟ ಅಣ್ಣ ಗೌರೀಶ," ಎಂದಳು ಸಪ್ನಾ. "ಸಂಜೀಕ ಕಾಂತಾಬಾಯಿ. ಅಪ್ಪ ಆಸ್ಪತ್ರಿಗೆ ಬರೂದಿಲ್ಲಂತ ನಾ ಆಕಿ ಮುಂದ ಅತ್ತಬಿಟ್ಟೆ."

ಉಳವಪ್ಪ ಹೇಳಿಕಳಿಸಿದಾಗ, ಬಸದಿಯಿಂದ ಆಗಷ್ಟೇ ಮರಳಿದ್ದ ಕಾಂತಾಬಾಯಿ ಕೈಚೀಲದೊಡನೆ ಬಂದಳು.

"ಬರ್ರಿ, ಕುಂದರ್ರಿ," ಎಂದ ಉಳವಪ್ಪ. "ಮಾಯಪ್ಪ ಹೇಳಿದಂಗ ಔಷಧ ತಗೊಂಡ್ರ್ಯಾ?"

"ಹೂಂರೀ... ಅಂವ ಹೇಳಿದಂಗ."

"ಆಪರೇಶನ್?"

"ಅದೂ ಆಗೇತಿ. ಕೀಮೋನೂ ಆಗೇತಿ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ! ಎಲ್ಲಾರೂ ಶೀಸೀದ ಕೇಳಿದ್ರು."

"ಇರಲಿ. ರಾತ್ರಿ ಎಂಟಕ್ಕ ಊಟಕ್ಕ ಬರ್ರಿ. ಚಪಾತಿ, ಜೇನುತುಪ್ಪ—"

"ಅಯ್ಯ, ಜೈನರ ಮನಿಯಾಕಿನ್ನ ಹಿಂಗ ಕರೀತಾರೇನ್ರಿ? ಹೊತ್ತು ಮುಳುಗಿದ ಮ್ಯಾಲೆ ನಾ ಉಣ್ಣೂದಿಲ್ಲ. ಜೇನಂತೂ ಮುಟ್ಟೂದ ಇಲ್ಲ—"

ಅವಳು ನಾಲಿಗೆ ಕಚ್ಚಿಕೊಂಡಳು.

"ಹಂಗಾದ್ರ ಆ ಔಷಧ ಯಾವಾಗ, ಎದರಾಗ ತಗೊಂಡ್ರಿ?"

ಕಾಂತಾಬಾಯಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಉಳವಪ್ಪ ತಮ್ಮಣ್ಣನತ್ತ ತಿರುಗಿದ.

"ಆಕಿ ನೇಮ ಇಡೀ ಓಣಿಗೆ ಗೊತ್ತೈತಿ, ಭಾವಾ. ಔಷಧದ ಪಥ್ಯ ನಿಮಗ ಗೊತ್ತೈತಿ. ಎರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ. ನಿಮ್ಮ ಒಬ್ಬಾಕಿ ಸಾಕ್ಷಿ ಆ ಔಷಧ ಕುಡದ ಇಲ್ಲ! ತನ್ನ ಮಾತು ನಿಮ್ಮ ಜೀವಕ್ಕ ಬಂತು ಅಂತ ನಿನ್ನೆ ಸಂಜೀಕ ಆಕಿಗೆ ಗೊತ್ತಾತು. ಶೀಸೆ ಎತ್ತಿದಾಕಿ ಕಾಂತಾಬಾಯಿ."

ಕಾಂತಾಬಾಯಿ ಕೈಚೀಲದಿಂದ ಶೀಸೆಯನ್ನು ಹೊರತೆಗೆದಳು.

"ಮಾಯಪ್ಪ ಭಾಳ ಪ್ರೀತಿಲೆ ಕೊಟ್ಟಿದ್ದ. ಬ್ಯಾಡ ಅನ್ನಾಕ ನಾಲಿಗಿ ಏಳಲಿಲ್ರಿ. ಹೆಂಗೈತಿ ಅಂದಾಗ ಚಲೋ ಐತಿ ಅಂದೆ. ನನ್ನ ಪಾಲಿಂದೆಲ್ಲಾ ಕರಿಬೇವಿನ ಗಿಡಕ್ಕ ಸುರದೇನಿ."

"ಗಿಡ ಹೆಂಗೈತಿ?" ತಮ್ಮಣ್ಣ ಗಂಭೀರವಾಗಿ ಕೇಳಿದ.

"ಇದ್ದಂಗ ಐತ್ರಿ."

ಮೊದಲು ನಕ್ಕವನು ತಮ್ಮಣ್ಣನೇ. ಆದರೂ ಅವನ ಕಣ್ಣು ಶೀಸೆಯ ಮೇಲಿತ್ತು. "ಅದರಾಗ ಏನರ ಗುಣ ಇದ್ದರ?"

"ಇರಬಹುದು," ಎಂದ ಉಳವಪ್ಪ. "ನೂರಾರು ಮಂದೀನ ಪರೀಕ್ಷಾ ಮಾಡಿ, ಸತ್ತವರನ್ನೂ ಲೆಕ್ಕಕ್ಕ ಹಿಡಿದು ಹೇಳಲಿ. ಸದ್ಯಕ್ಕ ನಮ್ಮ ಹಂತ್ಯಾಕ ಇರೂದು ಒಂದು ಕರಿಬೇವಿನ ಗಿಡ."

ತಮ್ಮಣ್ಣ ಮಗಳ ತಲೆ ಸವರಿದ. "ಕಳ್ಳಿ ಅಂದೆ, ತಪ್ಪಾತವ್ವಾ. ನಾಳೆ ಲಗೂನ ಎಬ್ಬಸು."

"ನಾನೂ ಬರ್ತೀನ್ರಿ," ಎಂದಳು ಕಾಂತಾಬಾಯಿ. "ಕೀಮೋ ವಾರ್ಡಿನ್ಯಾಗ ಯಾವ ಕುರ್ಚಿ ಚಲೋ ಐತಿ ಅಂತ ಹೇಳ್ತೀನಿ. ಅದರಾಗ ಮಾತ್ರ ಖರೇನ ಕುಂತು ನೋಡೇನಿ!"