ಎದ್ದು ನಿಲ್ಲದವನು

ಸಾನ್ ಬಾರ್ತೊಲೊ ಚರ್ಚಿನ ಇತಿಹಾಸದಲ್ಲಿ ಎರಡು ಭೂಕಂಪಗಳಿವೆ, ಬಿಷಪ್ಪರೊಬ್ಬರು ಹೇಸರಗತ್ತೆಯಿಂದ ಬಿದ್ದ ಪ್ರಸಂಗವೂ ಇದೆ. ಅವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯೊಂದು ಆ ವರ್ಷ ಎದ್ದಿತು: ಯುವಕರ ಗುಂಪಿನ ಕೋಣೆಗೆ ಮಾವಿನ ಹಳದಿ ಬಳಿಯಬೇಕೋ, ತಿಳಿನೀಲಿಯೋ?

ಗುಂಪನ್ನು ನಡೆಸುತ್ತಿದ್ದ ಓಡಿಲಿಯಾ ಹಳದಿಯ ಪಕ್ಷ. ಏಣಿ ಹತ್ತಿ ಬಳಿಯಲು ಶುರುವೂ ಮಾಡಿದ್ದಳು.

"ಕೆಳಗಿಳೀರಿ! ಫಾದರ್ ನೀಲಿ ಅಂದಿದ್ದಾರೆ."

ಬಾಗಿಲಲ್ಲಿ ಸೈಕಲ್ ರಿಪೇರಿಯ ವಿನಿಸಿಯೊ. ಕೈಯಲ್ಲಿ ನೀಲಿ ಡಬ್ಬ.

"ಫಾದರ್ ಇಲ್ಲಿ ಕೂರಲ್ಲ. ಮಕ್ಕಳು ಕೂರ್ತಾರೆ."

"ನೀಲಿ ನೋಡಿದ್ರೆ ಮನಸ್ಸು ತಣ್ಣಗಾಗುತ್ತೆ."

"ಶವಾಗಾರ ನೋಡಿದ್ರೂ ತಣ್ಣಗಾಗುತ್ತೆ!"

ಅವನು ಜೋರಾಗಿ ನಕ್ಕ. ಅಷ್ಟರಲ್ಲಿ ಅವಳ ಬ್ರಷ್ಷಿನಿಂದ ಒಂದು ಹನಿ ಅವನ ಹಣೆಗೆ ಬಿತ್ತು. ಒರೆಸಿಕೊಳ್ಳದೆ ಮೇಲೆ ನೋಡುತ್ತಲೇ ನಿಂತ.

'ಅಯ್ಯೋ... ಇವನಿಗೆ ಹಳದಿ ಒಪ್ಪುತ್ತಲ್ಲ!' ಎಂದುಕೊಂಡಳು ಓಡಿಲಿಯಾ. ಏಣಿ ಯಾಕೋ ಅಲುಗಿದಂತಾಯಿತು.

ಆಮೇಲಿನ ಶನಿವಾರಗಳಲ್ಲಿ ವಿನಿಸಿಯೊ ಹಳದಿಯನ್ನೇ ಬಳಿದ. ಹಳೆಯ ಟೈರುಗಳಿಗೆ ಹಗ್ಗ ಸುತ್ತಿ ಕೂರುವ ಪೀಠ ಮಾಡಿದ. 'ನೀವು' ಹೋಗಿ 'ನೀನು' ಬಂತು. ಒಂದು ಸಂಜೆ ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

"ನಂಗೆ ಹದಿನೈದು ವರ್ಷ ಇದ್ದಾಗ, ಪೂಜೆ ಮುಗಿದ ಮೇಲೂ ಚರ್ಚಿನ ಮೆಟ್ಟಿಲ ಮೇಲೆ ನಿಂತೇ ಇರ್ತಿದ್ದೆ. ಮನೆಗೆ ಹೋದ್ರೆ ಕುಡಿದ ಅಪ್ಪ. 'ಬಾ, ಕೂತ್ಕೋ' ಅಂತ ಒಬ್ರೂ ಕರೀಲಿಲ್ಲ ಕಣೋ. ಅದಕ್ಕೇ ಈ ಕೋಣೆ."

"ಇನ್ಮೇಲೆ ಯಾರೂ ನಿಂತಿರಲ್ಲ," ಎಂದ ಅವನು. "ನನ್ನ ಮಾತು."

ಓಡಿಲಿಯಾ ನಂಬಿದಳು.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಶುಭ ಶುಕ್ರವಾರದ ಮೆರವಣಿಗೆಗೆ ಪಲ್ಲಕ್ಕಿ ಹೊರುವವರ ಸಂಘ ಹೊಸ ಪಲ್ಲಕ್ಕಿ ಮಾಡಿಸಿತ್ತು. ಅದು ಹಳೆಯ ಉಗ್ರಾಣದಲ್ಲಿ ಹಿಡಿಸಲಿಲ್ಲ. ಸಂಘದ ಕಣ್ಣು ಹಳದಿ ಕೋಣೆಯ ಮೇಲೆ ಬಿತ್ತು.

ಸಂಘದ ಅಧ್ಯಕ್ಷರು ದೋನ್ ಲಿಸಾಂದ್ರೊ, ವಿನಿಸಿಯೊನ ಅಪ್ಪ. ಪಲ್ಲಕ್ಕಿಯ ಎಡಮುಂದಿನ ಹೆಗಲು ಅಜ್ಜನ ಕಾಲದಿಂದ ಅವರ ಮನೆತನದ್ದು, ಈಗ ವಿನಿಸಿಯೊನದು. ಆ ಸಂಘದಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. 'ಒಪ್ಪದವರು ಎದ್ದು ನಿಲ್ಲಿ' ಎನ್ನುತ್ತಾರೆ. ಎದ್ದವನು ತನ್ನ ಹೆಗಲಿನ ಜಾಗ ಬಿಟ್ಟುಕೊಡಬೇಕು. ಹೀಗಾಗಿ ಸಂಘದ ನಿರ್ಣಯಗಳೆಲ್ಲ ಸರ್ವಾನುಮತದವು.

ಸುದ್ದಿ ಮುಟ್ಟಿಸಿದವಳು ಚರ್ಚಿನ ಮುಂದೆ ಅತೋಲ್ ಎಂಬ ಮೆಕ್ಕೆಜೋಳದ ಗಂಜಿ ಮಾರುವ ದೋನ್ಯಾ ಚೋನಾ.

"ನಿನ್ನ ಟೈರುಗಳೆಲ್ಲ ಅಂಗಳದಲ್ಲಿ ಬಿಸಿಲು ಕಾಯ್ತಿವೆ ಮಗಳೇ. ಸಭೆ ಆಯ್ತಂತೆ."

"ವಿನಿಸಿಯೊ ಇದ್ದನಾ?"

"ಇದ್ದ. ಬಲು ಚೆನ್ನಾಗಿ ಕೂತಿದ್ದನಂತೆ!"

ಓಡಿಲಿಯಾ ತಕ್ಷಣ ಹೊರಟಳು. ಸೈಕಲ್ ಅಂಗಡಿಗೆ ಹೋದಾಗ ಅವನು ತಲೆ ಎತ್ತಲಿಲ್ಲ.

"ನಾನು ಹೂಂ ಅನ್ನಲಿಲ್ಲ, ಓಡಿಲಿಯಾ..."

"ಎದ್ದೆಯಾ?"

ಅವನು ಚಕ್ರದ ಕಡ್ಡಿಯೊಂದನ್ನು ಬಿಗಿಮಾಡತೊಡಗಿದ.

"ಕೇಳ್ತಿದೀನಿ. ಎದ್ದೆಯಾ?"

"ಅಪ್ಪ ಎದುರಿಗೇ ಇದ್ರು. ಅದು ಅಜ್ಜನ ಜಾಗ..."

"ನಿನ್ನ ಒಂದು ಹೆಗಲಿನ ಜಾಗಕ್ಕೆ ಅಷ್ಟೂ ಮಕ್ಕಳನ್ನ ಬೀದಿಗೆ ಹಾಕಿದೆ! ನಿಮ್ಮಪ್ಪನ ಮೇಲೆ ನಂಗೆ ಸಿಟ್ಟಿಲ್ಲ, ಅವರು ನಂಗೆ ಮಾತು ಕೊಟ್ಟಿರಲಿಲ್ಲ. ಮೆಟ್ಟಿಲ ಕಥೆ ನಿನಗೊಬ್ಬನಿಗೇ ಹೇಳಿದ್ದೆನಲ್ಲೋ..."

ಅವನು ಏಳುವಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು. ಏಳುವುದರಲ್ಲಿ ತಡಮಾಡುವುದು ಅವನ ಅಭ್ಯಾಸವೇ ಇರಬೇಕು.

ಅವಳು ಅತ್ತದ್ದು ಮನೆಯಲ್ಲಿ. 'ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿತ್ತು! ಬರೀ ಪುಕ್ಕಲ...'

ಶುಭ ಶುಕ್ರವಾರ ಬೆಳಗಾಗುವ ಮೊದಲೇ ಯುವಕರ ಗುಂಪು ಚರ್ಚಿನ ಮುಂದೆ ಬಣ್ಣ ಬೆರೆಸಿದ ಮರದ ಹೊಟ್ಟಿನಿಂದ ರಂಗವಲ್ಲಿ ಹಾಸುತ್ತಿತ್ತು. ಅದರ ಮೇಲೆ ಪಲ್ಲಕ್ಕಿ ನಡೆದು ಹೋಗಬೇಕು, ಅದೇ ವಾಡಿಕೆ. ಕೋಣೆ ಕಿತ್ತುಕೊಂಡವರ ಕಾಲಡಿಗೆ ಹೂ ಬಿಡಿಸುವಾಗ ಓಡಿಲಿಯಾ ಹಲ್ಲು ಕಚ್ಚಿಕೊಂಡಿದ್ದಳು.

ಪಕ್ಕದಲ್ಲಿ ಯಾರೋ ಮಂಡಿಯೂರಿದರು. ವಿನಿಸಿಯೊ! ಮೈಮೇಲೆ ಪಲ್ಲಕ್ಕಿ ಹೊರುವವರ ನೇರಳೆ ನಿಲುವಂಗಿಯಿಲ್ಲ, ಅಂಗಡಿಯ ಗ್ರೀಸ್ ಅಂಗಿ.

"ನಿನ್ನ ಪಲ್ಲಕ್ಕಿ ಕಾಯ್ತಿದೆ, ಹೋಗು."

"ನಿನ್ನೆ ಸಂಘದಲ್ಲಿ ಎದ್ದು ನಿಂತೆ."

"ನಿರ್ಣಯ ಆಗಿ ಹೋದ ಮೇಲೆ? ಏನು ಉಪಯೋಗ?"

"ಏನೂ ಇಲ್ಲ. ಕೋಣೆ ವಾಪಸ್ ಬರಲ್ಲ. ಜಾಗ ಹೋಯ್ತು. ಅಪ್ಪ ಮಾತು ಬಿಟ್ಟರು."

ಅವಳು ಹೊಟ್ಟು ಉದುರಿಸುತ್ತಲೇ ಇದ್ದಳು.

ಪಲ್ಲಕ್ಕಿ ಹೊರಬಂತು. ಹೊರುವವರನ್ನು ಎತ್ತರ ನೋಡಿ ನಿಲ್ಲಿಸುವುದು ರೂಢಿ. ಎಡಮುಂದೆ ಈಗ ವಿನಿಸಿಯೊನ ಕುಳ್ಳ ಸೋದರಮಾವ ತುದಿಗಾಲಲ್ಲಿ ನಡೆಯುತ್ತಿದ್ದ. ಪಲ್ಲಕ್ಕಿ ಆ ಕಡೆಗೆ ವಾಲಿತ್ತು. ವಾಲಿದ್ದು ಯಾಕೆಂದು ಊರಿಗೆಲ್ಲ ಗೊತ್ತಾಯಿತು. ದೋನ್ ಲಿಸಾಂದ್ರೊ ಮಗನ ಕಡೆ ನೋಡದೆ ರಂಗವಲ್ಲಿ ತುಳಿದು ಮುಂದೆ ಹೋದರು. ವಿನಿಸಿಯೊ ತಲೆ ತಗ್ಗಿಸಲಿಲ್ಲ.

"ಹೆದರಿದ್ದೆ, ಓಡಿಲಿಯಾ," ಎಂದ ಮೆಲ್ಲಗೆ. "ನಿನ್ನನ್ನ ಪ್ರೀತಿಸ್ತೀನಿ, ಆದರೂ ಹೆದರಿದೆ. ಎರಡೂ ನಿಜ. ಶನಿವಾರ ನನ್ನ ಅಂಗಡಿ ಖಾಲಿ ಮಾಡ್ತೀನಿ. ಮಕ್ಕಳನ್ನ ಕರ್ಕೊಂಡು ಬಾ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಬೇಗ ಕ್ಷಮಿಸೋದೂ ಇಲ್ಲ!"

"ಕಾಯ್ತೀನಿ."

"ನಿಂತು ಕಾಯ್ತೀಯಾ?"

"ನಿಂತೇ."

ಅವಳ ಕಣ್ಣು ತುಂಬಿತು. ಅವನ ಗ್ರೀಸು ಮೆತ್ತಿದ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಹಿಡಿದು, ಬಿಟ್ಟಳು.

ಕೋಣೆ ಸಂಘಕ್ಕೇ ಉಳಿಯಿತು. ಯುವಕರ ಗುಂಪು ಶನಿವಾರಗಳಂದು ಸೈಕಲ್ ಅಂಗಡಿಯಲ್ಲಿ ಸೇರುತ್ತದೆ. ನವೆಂಬರಿನಲ್ಲಿ ಇಬ್ಬರ ಮದುವೆಯಾಯಿತು. ದೋನ್ ಲಿಸಾಂದ್ರೊ ಬಂದರು, ಊಟ ಮಾಡಲಿಲ್ಲ.