ಸುಳ್ಳು ರೋಗ, ಖರೇ ಬಿಪಿ

"ನಾಟಕ ಮುಗೀತೇನ್ರಿ? ನಮ್ಮವ್ವಗ ತಲಿ ತಿರಗಾಕತ್ತೈತಿ!"

ಬೆನ್ನ ಹಿಂದಿನಿಂದ ಬಂದ ಗಡಸು ದನಿಗೆ ದಾನೇಶ್ವರಿಯ ಬಾಯಲ್ಲಿದ್ದ ಡೈಲಾಗು ಅರ್ಧಕ್ಕೇ ನಿಂತಿತು.

ಅವಳು ದಾಂಡೇಲಿಯ ಆ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ವಾರ್ಡಿನ ನರ್ಸು. ಡಾಕ್ಟರರ ರೌಂಡ್ಸ್ ಆಗಷ್ಟೇ ಮುಗಿದಿತ್ತು. ಸಿಕ್ಕ ಪುರುಸೊತ್ತಿನಲ್ಲಿ ಹಿರಿಯ ನರ್ಸು ಶೈಲಾಳ ಎದುರು ಮಿಮಿಕ್ರಿ ನಡೆಸಿದ್ದಳು. ಹೆಂಡತಿಗೆ ಸೂಜಿ ಚುಚ್ಚುವಾಗ ತಾನೇ ಎಚ್ಚರ ತಪ್ಪುವ ಗಂಡನ ಪಾತ್ರ. ಕಣ್ಣು ಮೇಲೆ ಮಾಡಿ, "ಏ... ಹಿಡೀರ್ಯೋ ನನ್ನ..." ಎಂದು ಗೋಡೆಗೆ ವಾಲುವ ಹೊತ್ತಿಗೇ ಈ ದನಿ!

ತಿರುಗಿ ನೋಡಿದಳು. ಎತ್ತರದ ಯುವಕ. ಬಿಸಿಲಿಗೆ ಕಂದಿದ ಮುಖ, ಗಂಟು ಹಾಕಿದ ಹುಬ್ಬು. ಅವನ ತೋಳಿಗೆ ಜೋತುಬಿದ್ದ ಇಳಕಲ್ ಸೀರೆಯ ಹೆಂಗಸು. ಅವಳ ಕಣ್ಣು ಮಾತ್ರ ದಾನೇಶ್ವರಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿತ್ತು.

'ತಲಿ ತಿರಗೂ ಮುಂದ ಕಣ್ಣು ಇಷ್ಟ ನೆಟ್ಟಗ ನಿಲ್ಲತಾವೇನು?' ಅಂದುಕೊಂಡಳು ದಾನೇಶ್ವರಿ.

"ಬರ್ರಿ ಅವ್ವಾರ, ಕುಂದರ್ರಿ. ಏನಾಗತೈತಿ?"

"ಏನಾಗೂದಿಲ್ಲ ಅಂತ ಕೇಳ ತಂಗಿ! ಎದ್ಯಾಗ ಢವಢವ, ಹೊಟ್ಟ್ಯಾಗ ಗುಡುಗುಡು, ಮೊಣಕಾಲಾಗ ಕಟಕಟ..."

"ಯವ್ವಾ, ಒಳಗ ಒಂದು ಬ್ಯಾಂಡ್ ಕಂಪನೀನ ಐತಲ್ರಿ!"

ಶೈಲಾ ಕಿಸಕ್ಕೆಂದಳು. ಯುವಕನ ಹುಬ್ಬು ಸಡಿಲಲಿಲ್ಲ.

"ಎಲ್ಲಿಂದ ಬಂದ್ರಿ?"

"ಪಾಳಾ. ಮುಂಡಗೋಡ ತಾಲೂಕು" ಎಂದ ಅವನು.

"ಅಲ್ರೀ, ಮುಂಡಗೋಡದಾಗ ಡಾಕ್ಟರ್ ಸಿಗಲಿಲ್ಲೇನು? ಅಡವಿ ದಾಟಿ ಇಲ್ಲಿತನಾ ಕರಕೊಂಡು ಬಂದೀರಿ?"

"ನಾನೂ ಅದನ್ನ ಕೇಳಿದೆ. ದಾಂಡೇಲಿಗೇ ಹೋಗೂಣು ಅಂತ ಹಟ ಹಿಡದ್ಲು."

"ಕಾಶೆವ್ವ ಅಂತ ಹೆಸರು ಬರಕೋ ತಂಗಿ" ಎಂದು ಹೆಂಗಸು ಗಡಬಡಿಸಿ ಮಾತು ಮರೆಸಿದಳು.

ದಾನೇಶ್ವರಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಂದು ತೋಳಿಗೂ ಸುತ್ತಿ ನೋಡಿದಳು. ಮುಖದ ನಗು ಮಾಯವಾಯಿತು.

"ಅವ್ವಾರ, ಹಿಂದ ಯಾವಾಗರ ಬಿಪಿ ತೋರಿಸಿದ್ರೇನು?"

"ಇಲ್ಲವ್ವಾ. ಯಾಕ?"

"ಭಾಳ ಐತ್ರಿ. ಇಷ್ಟ ಇದ್ದಾಗ ಮನಿಗೆ ಕಳಸೂದಿಲ್ಲ. ಡಾಕ್ಟರ್ ನೋಡ್ತಾರ, ಅಡ್ಮಿಟ್ ಆಗಬೇಕಾಗತೈತಿ."

ಕಾಶೆವ್ವ ಸ್ಪ್ರಿಂಗ್ ಹಾಕಿದಂತೆ ಎದ್ದು ನಿಂತಳು!

"ಏ, ನನಗೇನಾಗೇತಿ? ಗುಂಡಕಲ್ಲಿನಂಗ ಅದೇನಿ! ಢವಢವ ಇಲ್ಲ, ಗುಡುಗುಡು ಇಲ್ಲ... ಸುಮ್ನ ಅಂದೆ. ನಡಿ ಶರಣಾ, ಮನಿಗೆ ಹೋಗೂಣು!"

ರೋಗ ಇದೆ ಎಂದು ಬಂದು, ರೋಗ ಸಿಕ್ಕಿದ ಕೂಡಲೇ ರೋಗವೇ ಇಲ್ಲ ಎನ್ನುವ ಪೇಷಂಟನ್ನು ದಾನೇಶ್ವರಿ ಕಂಡಿದ್ದು ಅದೇ ಮೊದಲು. ಮಗ ಶರಣಬಸವ ಮಾತ್ರ ತಾಯಿಯ ಭುಜ ಹಿಡಿದು ಮಂಚಕ್ಕೆ ಕೂಡಿಸಿದ. ಬಿಚ್ಚಿಟ್ಟ ಪಟ್ಟಿಯನ್ನು ತಾನೇ ಮತ್ತೆ ಅವಳ ತೋಳಿಗೆ ತಿರುವುಮುರುವಾಗಿ ಸುತ್ತತೊಡಗಿದ.

'ಸಿಟ್ಟಲ್ಲ... ಪಾಪ, ಅಂಜಿಕಿ.'

---

ಅಂದಿನಿಂದ ಆ ವಾರ್ಡಿನಲ್ಲಿ ಒಂದು ವಿಚಿತ್ರ ನಡೆಯಿತು. ನರ್ಸು ಪೇಷಂಟಿನ ಹಿನ್ನೆಲೆ ಕೇಳುವುದು ರೂಢಿ. ಇಲ್ಲಿ ಪೇಷಂಟೇ ನರ್ಸಿನ ಹಿನ್ನೆಲೆ ಕೇಳತೊಡಗಿತ್ತು!

"ನಿಮ್ಮ ಮನಿ ಎಲ್ಲೈತಿ ತಂಗಿ?"

"ಅಂಬೇವಾಡಿ."

"ಅಪ್ಪಾರು?"

"ಲಗಮಪ್ಪ ಅಂತ. ಪೇಪರ್ ಮಿಲ್‌ನ್ಯಾಗ ಅದಾರ. ಕೈ ಸಡಲ ಬಿಡ್ರಿ."

"ರೊಟ್ಟಿ ಬಡೀತಿ?"

"ಬಡೀತೇನಿ. ಉಪ್ಪು ಹಾಕಲಾರದ್ದು. ನಿಮಗೂ ಇನ್ನ ಮ್ಯಾಲೆ ಅದ!"

ಉತ್ತರ ಕೊಟ್ಟು ಮುಂದಿನ ಮಂಚಕ್ಕೆ ಓಡುತ್ತಿದ್ದಳು. ಒಬ್ಬರಿಗೆ ಸಲಾಯಿನ್ ಬದಲಿಸಬೇಕು. ಇನ್ನೊಬ್ಬರ ಹಾಸಿಗೆ ಒದ್ದೆ. ಬಾಗಿಲಲ್ಲಿ ಯಾರದೋ ಸಂಬಂಧಿ, "ಎಷ್ಟೊತ್ತು ಕರೀಬೇಕ್ರಿ?" ಎಂದು ಎಗರಾಡುತ್ತಾನೆ. ಕುಡಿಯಲೆಂದು ಇಟ್ಟ ಚಹಾ ಕೆನೆಗಟ್ಟಿ ಕೂತಿರುತ್ತದೆ. ಎಲ್ಲರ ರಕ್ತದೊತ್ತಡ ಅಳೆಯುವ ಅವಳಿಗೆ, ಕೆಲಸದೊತ್ತಡ ಅಳೆಯುವ ಯಂತ್ರವನ್ನು ಯಾರೂ ಕೊಟ್ಟಿರಲಿಲ್ಲ.

ಆದರೂ ಈ ಕೆಲಸವೆಂದರೆ ಅವಳಿಗೆ ಜೀವ. ಅದಕ್ಕೇ ಅವಳ ಮದುವೆ ಕುಂಟುತ್ತಿತ್ತು. ಬಂದ ವರಗಳದ್ದೆಲ್ಲ ಒಂದೇ ರಾಗ: ಮದುವೆಯಾದ ಮೇಲೆ ಡ್ಯೂಟಿ ಬಿಡಬೇಕು. ಇತ್ತೀಚೆಗೆ ದಲ್ಲಾಳಿ ಅಂದಾನೆಪ್ಪ ಮುಂಡಗೋಡ ಕಡೆಯವರು ಕನ್ಯಾ ನೋಡಲು ಬರುತ್ತಾರೆಂದು ಎರಡು ಸಲ ದಿನ ಗೊತ್ತು ಮಾಡಿದ್ದ. ಎರಡೂ ಸಲ ಮುಂದಿನ ಪಾಳಿಯವರು ಬಾರದೆ, ಇವಳು ವಾರ್ಡಿನಲ್ಲೇ ಉಳಿದಿದ್ದಳು. ಅವ್ವ ಮಾಡಿಟ್ಟ ಅವಲಕ್ಕಿಯನ್ನು ಅಪ್ಪನೇ ತಿಂದು ಮುಗಿಸಿದ್ದ.

'ಯೂನಿಫಾರ್ಮ್ ಬಿಡು ಅಂದವರ ಮನಿಗೆ ನಾ ಅರಿಷಿಣ ಹಚ್ಚಿಕೊಂಡು ಹೋಗೂದಿಲ್ಲ' ಎಂಬುದು ಅವಳ ಹಟ.

ಮರುದಿನ ಪಕ್ಕದ ಮಂಚದ ಜೋಯಿಡಾದ ಅಜ್ಜಿ ಗೋದುಬಾಯಿ ಗುಳಿಗೆ ನುಂಗಲು ಒಲ್ಲೆನೆಂದು ಮುಖ ತಿರುವಿದಳು. "ನಕೋ! ನಕೋ ಗ ಬಾಯಿ!"

ದಾನೇಶ್ವರಿ ಸೊಂಟಕ್ಕೆ ಕೈಯಿಟ್ಟು, ತುಟಿ ಒಳಗೆಳೆದು, ಥೇಟ್ ಅಜ್ಜಿಯ ಬೊಚ್ಚುಬಾಯಿ ದನಿಯಲ್ಲಿ ಶುರು ಮಾಡಿದಳು: "ನಕೋ ಗ ಬಾಯಿ! ಗುಳಿಗಿ ನಕೋ, ಗಂಜಿ ನಕೋ, ಸೂಜಿ ನಕೋ... ಮೊಮ್ಮಗಳ ಲಗ್ನದಾಗ ಕುಣ್ಯಾಕ ಮಾತ್ರ ಮೊದಲ ನಾನ!"

ಅಜ್ಜಿ ಕಣ್ಣರಳಿಸಿ ನೋಡಿದಳು... ಬೊಕ್ಕಬಾಯಿ ತೆರೆದು ನಕ್ಕಳು... ತೆರೆದ ಬಾಯಿಗೆ ಗುಳಿಗೆ ಹೋಗಿಯೇಬಿಟ್ಟಿತು!

ಇನ್ನೊಂದು ನಗು ಕೇಳಿಸಿತು. ಶರಣಬಸವ! ಹುಬ್ಬಿನ ಗಂಟು ಬಿಚ್ಚಿದ ಆ ಮುಖ ಇಷ್ಟು ಚೆಂದ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ನಿನ್ನೆ ನಾಟಕ ಅಂದದ್ದು ತಪ್ಪಾತ್ರಿ" ಎಂದ ಮೆಲ್ಲಗೆ. "ಇದೂ ಔಷಧಾನ."

"ಇದಕ್ಕ ಬಿಲ್ ಇಲ್ಲ ಬಿಡ್ರಿ" ಎಂದಳು. ಕೆನ್ನೆ ಮಾತ್ರ ಕಾರಣವಿಲ್ಲದೆ ಬೆಚ್ಚಗಾಯಿತು. "ನೀವೇನು ಕೆಲಸಾ ಮಾಡ್ತೀರಿ?"

"ಲೈನ್‌ಮನ್ ಅದೇನ್ರಿ. ಕರೆಂಟಿನ ಕಂಬ ಹತ್ತೂದು, ಇಳಿಯೂದು, ಕರೆಂಟ್ ಬಂದಕೂಡ್ಲೆ ಮಂದಿ ನಮ್ಮನ್ನ ಮರಿಯೂದು."

"ಅಯ್ಯ, ನಮ್ಮದೂ ಹಂಗರಿ! ಆರಾಮಾಗಿ ಮನಿಗೆ ಹ್ವಾದವರಿಗೆ ಡಾಕ್ಟರ್ ಹೆಸರಷ್ಟ ನೆನಪಿರತೈತಿ."

ಇಬ್ಬರೂ ನಕ್ಕರು. ಲೈನ್‌ಮನ್ನನಾದರೂ ಲೈನ್ ಹೊಡೆಯುವ ಆಸಾಮಿಯಲ್ಲ. ಮುಂದಿನ ಪಾಳಿಯಲ್ಲಿ ಅವಳ ಕೆನೆಗಟ್ಟಿದ ಚಹಾವನ್ನು ಸದ್ದಿಲ್ಲದೆ ತೆಗೆದು, ಬಿಸಿ ಲೋಟವನ್ನಿಟ್ಟು ಹೋಗಿದ್ದ. ಅಷ್ಟೇ. ಆ ಅಷ್ಟರಲ್ಲೇ ದಾನೇಶ್ವರಿಯ ಎದೆಯಲ್ಲಿ ಏನೋ ಮಿಣುಕ್ಕೆಂದಿತ್ತು...

---

ಡಿಸ್ಚಾರ್ಜ್ ದಿನ. ಗುಳಿಗೆಯ ಪೊಟ್ಟಣ ಹಿಡಿದು ಬಂದ ದಾನೇಶ್ವರಿ, ಪರದೆಯ ಈಚೆಗೇ ನಿಂತಳು. ಒಳಗೆ ಕಾಶೆವ್ವ ಫೋನಿನಲ್ಲಿ ಮಾತಾಡುತ್ತಿದ್ದಳು. ಪಾಳಾದವರೆಗೆ ಫೋನಿಲ್ಲದೆಯೇ ಕೇಳುವಂಥ ದನಿ!

"ಹೂನೋ ಅಂದಾನೆಪ್ಪಾ, ನೋಡಿದೆ ಕನ್ಯಾನ! ಮನಿಗೆ ಬಂದ್ರ ಸಿಗವಲ್ಲಳು ಅಂತ ಆಸ್ಪತ್ರಿಗೇ ಬಂದೆ, ತಲಿ ತಿರಗತೈತಿ ಅಂತ ಹೇಳಿ... ರೂಪ ಚಲೋ ಐತಿ, ಕೈ ಹಗುರ. ಡ್ಯೂಟಿ ಏನ್ ಬಿಡೋ, ಲಗ್ನಾದ ಮ್ಯಾಲೆ ಬಿಡಿಸಿದ್ರಾತು. ನನ್ನ ನೋಡ್ಕೋತ ಮನ್ಯಾಗ ಇರ್ತಾಳ!"

ಪರದೆ ಸರಿಸಲು ಚಾಚಿದ ಕೈಯನ್ನು ದಾನೇಶ್ವರಿ ಹಿಂದೆಗೆದುಕೊಂಡಳು.

'ಹಂಗಾರ... ಆ ನಗು? ಆ ಬಿಸಿ ಚಹಾ? ಎಲ್ಲಾ ಪರೀಕ್ಷಾ ಏನು?'

ಕಾರಿಡಾರಿನಲ್ಲಿ ಚೀಲ ಹೊತ್ತು ಬರುತ್ತಿದ್ದ ಶರಣಬಸವನನ್ನು ಅಡ್ಡಗಟ್ಟಿದಳು.

"ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ನೋಡಾಕ ಬಂದಿದ್ರೇನ್ರಿ? ನಾ ಪಾಸಾದೆನೋ, ಫೇಲಾದೆನೋ?"

"ಏನಂದ್ರಿ?"

"ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ! ನಾಟಕ ನಾನ ಮಾಡ್ತೇನಿ ಅಂದ್ರಲ್ಲ, ನನಗಿಂತ ದೊಡ್ಡ ನಾಟಕ ಕಂಪನಿ ನಿಮ್ಮದು! ಮಂಚ ಸಿಗಲಾರದ ಮಂದಿ ಹೊರಗ ಚಾಪಿ ಮ್ಯಾಲೆ ಮಲಗತಾರ. ನೀವು ಕನ್ಯಾ ನೋಡಾಕ ವಾರ್ಡಿಗೆ ಬರ್ತೀರಿ!"

ಅವನ ಮುಖ ಬಿಳಿಚಿತು. "ದೇವರಾಣಿ, ನನಗೇನೂ ಗೊತ್ತಿಲ್ಲ..."

"ಗುಳಿಗಿ ಒಂದಿನಾನೂ ತಪ್ಪಸಬಾರದು. ತಿಂಗಳ ಮ್ಯಾಲೆ ತೋರಸಾಕ ಬರ್ರಿ. ಬ್ಯಾರೆ ಕಡೆ ತೋರಿಸಿದ್ರ ಇನ್ನೂ ಚಲೋ."

ಪೊಟ್ಟಣ ಅವನ ಕೈಗಿಟ್ಟು ಹೊರಟುಹೋದಳು. ಔಷಧದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅತ್ತಿದ್ದೂ ಅರ್ಧವೇ. ಹೊರಗೆ ಯಾರೋ "ಸಿಸ್ಟರ್, ಸಲಾಯಿನ್ ಮುಗೀತು!" ಎಂದು ಕೂಗಿದರು. ನರ್ಸಿಗೆ ಪೂರ್ತಿ ಅಳುವುದಕ್ಕೂ ರಜೆ ಬೇಕು.

ಆಮೇಲೆ ಪಾಳಿಗಳು ಬಂದವು, ಹೋದವು. ಕೆಲಸ ಒಂದಿಷ್ಟೂ ತಪ್ಪಲಿಲ್ಲ. ಮಿಮಿಕ್ರಿ ಮಾತ್ರ ನಿಂತಿತು.

"ದಾನು, ಯಾಕ ಸಪ್ಪಗದಿ? ಒಮ್ಮಿ ಡಾಕ್ಟರ್ ಕೆಮ್ಮಿದಂಗ ಕೆಮ್ಮಿ ತೋರಸ ಬೇ" ಎಂದು ಶೈಲಾ ಕಾಡಿದರೆ, "ಗಂಟಲಾ ಸರಿ ಇಲ್ಲಕ್ಕಾ" ಎನ್ನುತ್ತಿದ್ದಳು.

---

ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಶೆವ್ವ ಒಬ್ಬಳೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ದಾನೇಶ್ವರಿ ಪಟ್ಟಿ ಸುತ್ತಿದಳು.

"ತಂಗಿ, ನನ್ನ ಮಗಗ ಏನೂ ಗೊತ್ತಿದ್ದಿಲ್ಲ."

"ಮಾತಾಡಬ್ಯಾಡ್ರಿ. ಬಿಪಿ ಏರತೈತಿ."

"ಏರಲಿ. ಹೇಳಿದ ಮ್ಯಾಲೆ ತಾನ ಇಳೀತೈತಿ! ಕನ್ಯಾ ನೋಡಾಕ ಅಂದಿದ್ರ ಅಂವ ಬಸ್ಸ ಹತ್ತತಿದ್ದಿಲ್ಲ. ಅದಕ್ಕ ಅವಗೂ ಸುಳ್ಳ ಹೇಳಿದೆ. ತಪ್ಪು ನಂದವ್ವಾ."

ಪಟ್ಟಿಗೆ ಗಾಳಿ ತುಂಬುವ ರಬ್ಬರ್ ಬಲ್ಬನ್ನು ಒತ್ತುತ್ತಿದ್ದ ದಾನೇಶ್ವರಿಯ ಕೈ ನಿಂತಿತು.

"ಡ್ಯೂಟಿ ಬಿಡಸ್ತೇನಿ ಅಂದಾಕೀನೂ ನಾನ. ನಮ್ಮ ಓಣ್ಯಾಗ ಸಾತಪ್ಪಗ ಮೊನ್ನೆ ಲಕ್ವಾ ಹೊಡದು ಕೈಕಾಲು ಹೋದವು. ಇದ ಬಿಪಿ ಅಂತ. ಮೊದಲ ನೋಡಿ ಹೇಳವರು ಯಾರೂ ಇದ್ದಿಲ್ಲ. ನಾ ಇಡೀ ದಿನ ಕುಂತು ವಿಚಾರ ಮಾಡಿದೆ. ನೀನೂ ಯಾರದರ ಮನ್ಯಾಗ ರೊಟ್ಟಿ ಬಡ್ಕೋತ ಕುಂತಿದ್ರ, ನನ್ನ ರೋಗ ಯಾರು ಹಿಡೀತಿದ್ರು?" ಕಾಶೆವ್ವನ ದನಿ ಮೊದಲ ಸಲ ಸಣ್ಣದಾಯಿತು. "ಸೊಸಿ ಆಗೂದು ಬಿಡೂದು ನಿನ್ನ ಮರ್ಜಿ. ಕೆಲಸಾ ಮಾತ್ರ ಯಾರ ಸಲುವಾಗೀನೂ ಬಿಡಬ್ಯಾಡ."

ಬಿಪಿ ಇಳಿದಿತ್ತು. ಏರಿದ್ದು ದಾನೇಶ್ವರಿಯ ಕಣ್ಣಿನ ನೀರು.

"ಅವರು ಎಲ್ಲದಾರ್ರಿ?"

"ಗೇಟಿನ ಹೊರಗ. ಒಳಗ ಬರಾಕ ನಿನ್ನ ಅಪ್ಪಣಿ ಬೇಕಂತ ನಿಂತಾನ."

"ಡ್ಯೂಟಿ ಮುಗಿಯೂತನಾ ನಾ ಬರೂದಿಲ್ಲ."

"ಅದನ್ನೂ ಅಂವ ಹೇಳ್ಯಾನ, ಕಾಯ್ತೇನಿ ಅಂತ."

ಪಾಳಿ ಮುಗಿಯಿತು. ಒಬ್ಬಳಿಗೆ ಜ್ವರ ಏರಿ, ಹೊರಬೀಳಲು ಇನ್ನೂ ತಡವಾಯಿತು. ಅವನು ಗೇಟಿನ ಎದುರಿನ ಚಹಾದಂಗಡಿಯ ಮರದ ಬಾಕಿನ ಮೇಲೆ ಕೂತಿದ್ದ. ಕಾಶೆವ್ವ ಅಂಗಡಿಯ ಒಳಗೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಇವಳನ್ನು ಕಂಡು ಶರಣಬಸವ ಎದ್ದು ನಿಂತ.

"ತಡ ಆತು" ಎಂದಳು.

"ಯಾರಿಗರ ಆರಾಮಿಲ್ಲದ್ದಕ್ಕ ಆಗಿರಬೇಕು" ಎಂದ ಅವನು. ದೂರಿಲ್ಲ, ಸಿಟ್ಟಿಲ್ಲ.

ದಾನೇಶ್ವರಿ ಬಾಕಿನ ತುದಿಗೆ ಕೂತಳು. "ಅವತ್ತ ನಿಮ್ಮ ಮಾತು ಕೇಳಲಾರದ ಬೈದೆ."

"ನಿಮ್ಮ ಜಾಗಾದಾಗ ನಾ ಇದ್ದಿದ್ರ ಕಂಬಕ್ಕ ಕಟ್ಟಿ ಬೈತಿದ್ದೆ." ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಬಾಕಿನ ಇನ್ನೊಂದು ತುದಿಗೆ ಕೂತ. "ಅವ್ವ ನಿಮ್ಮನ್ನ ನೋಡಾಕ ಬಂದಿದ್ಲು, ಖರೆ. ನಾ ಬಂದಿದ್ದಿಲ್ಲ. ಆದ್ರ... ನೋಡಿಬಿಟ್ಟೆ. ಮುದುಕೀನ ನಗಿಸಿ ಗುಳಿಗಿ ನುಂಗಿಸಿದ್ದು ನೋಡಿದೆ. ಆಮ್ಯಾಲೆ ಕಂಬದ ಮ್ಯಾಲೆ ಇದ್ರೂ ಅದ ನೆನಪು, ಕೆಳಗ ಇದ್ರೂ ಅದ. ನೀವು ನನ್ನ ಮನಸಿನ್ಯಾಗ ಅದೀರಿ."

ಅವಳು ತಲೆ ತಗ್ಗಿಸಿದಳು. ಎದೆಯೊಳಗೆ ಕಾಶೆವ್ವನ ಬ್ಯಾಂಡ್ ಕಂಪನಿಯೇ ಬಾರಿಸುತ್ತಿತ್ತು!

"ಹೂಂ ಅಂದ್ರ ಹಳಿಯಾಳಕ್ಕ ವರ್ಗಾ ಕೇಳ್ತೇನಿ. ನಿಮಗ ಡ್ಯೂಟಿಗೆ ಸಮೀಪ ಆಗತೈತಿ. ಉಹೂಂ ಅಂದ್ರೂ ಅವ್ವನ ಬಿಪಿ ತೋರಸಾಕ ಮಾತ್ರ ಇಲ್ಲೇ ಬರ್ತೇನಿ."

"ನನಗ ಹಬ್ಬದ ದಿನಾನೂ ಡ್ಯೂಟಿ ಬೀಳತೈತಿ."

"ಕರೆಂಟ್ ಹೋಗೂದೂ ಹಬ್ಬದ ದಿನಾನರಿ."

"ಇಬ್ಬರೂ ಹೊರಗಿದ್ರ ಹೋಳಗಿ ಯಾರು ಮಾಡೂದು?"

"ಮರುದಿನ ಮಾಡೂಣು. ಹೋಳಗಿ ಏನು ಕ್ಯಾಲೆಂಡರ್ ನೋಡತೈತಿ?"

ತಿಂಗಳಿನಿಂದ ನಗದ ದಾನೇಶ್ವರಿ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಅವನ ಫೋನು ಕಿರುಚಿತು. ಮುಂಡಗೋಡ ತಾಲೂಕಿನ ಅತ್ತಿವೇರಿ ಕಡೆ ತಂತಿಯ ಮೇಲೆ ಮರ ಬಿದ್ದಿದೆಯಂತೆ, ಇರುವವರು ಸಾಲದಂತೆ.

ಅವನು ಅಪರಾಧಿಯಂತೆ ಅವಳ ಮುಖ ನೋಡಿದ. "ಇಂಥಾ ಹೊತ್ತಿನ್ಯಾಗ..."

"ಹೋಗ್ರಿ. ಕರದಾಗ ಹೋಗಬೇಕು" ಎಂದಳು. ಅವನು ತಾಯಿಯನ್ನು ಎಬ್ಬಿಸಿ ಬೈಕಿನ ಹಿಂದೆ ಕೂಡಿಸಿಕೊಳ್ಳುವಾಗ ಹತ್ತಿರ ಬಂದು ದನಿ ತಗ್ಗಿಸಿದಳು. "ಕೈಗೆ ಗ್ಲೌಸ್ ಹಾಕ್ಕೊಂಡ ಹತ್ರಿ. ಇಳದ ಮ್ಯಾಲೆ ಒಂದು ಫೋನ್ ಮಾಡ್ರಿ."

ಶರಣಬಸವ ಕಿಕ್ ಹೊಡೆಯುವುದನ್ನೇ ಮರೆತ.

"ಇದು ನರ್ಸ್ ಡ್ಯೂಟಿ ಮ್ಯಾಲೆ ಹೇಳೂ ಮಾತೇನ್ರಿ?"

"ಡ್ಯೂಟಿ ಮುಗದು ಭಾಳ ಹೊತ್ತಾತು..." ದಾನೇಶ್ವರಿ ಅವನ ಕಣ್ಣನ್ನೇ ನೋಡಿದಳು. "ಇವತ್ತ ನಮ್ಮಪ್ಪಗ ಹೇಳ್ತೇನಿ."